ಇಂದಿನ ಧಮ್ಮ ಚಿಂತನ: ಉಪಾಲಿಯನ್ನು ಗುರುತಿಸೋಣ



ಉಪಾಲಿ ಶಾಕ್ಯರ ಕ್ಷೌರಿಕರಾಗಿದ್ದವರು. ಬುದ್ಧರು ಅವರ ಕಸುಬು ನೋಡಲಿಲ್ಲ, ಸಾಮರ್ಥ್ಯ ನೋಡಿದರು. ವಿನಯ ಬಲ್ಲವರಲ್ಲಿ ಉಪಾಲಿಯೇ ಅಗ್ರರೆಂದು ಹೇಳಿದರು. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ಮಹಾಕಾಶ್ಯಪರು ವಿನಯದ ಬಗ್ಗೆ ಪ್ರಶ್ನೆ ಕೇಳಿದ್ದೂ ಅವರನ್ನೇ.

ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಮೇಲು-ಕೀಳಾಗಿ ಒಡೆಯುತ್ತದೆ. ಮನುಷ್ಯನ ಸಹಜ ಒಲವನ್ನು ಅದು ಲೆಕ್ಕಿಸುವುದೇ ಇಲ್ಲ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟರು.

ಬನಹಟ್ಟಿಯ ಮಗ್ಗದ ಶೆಡ್ಡಿರಲಿ, ಮುಧೋಳದ ಸಕ್ಕರೆ ಕಾರ್ಖಾನೆಯಿರಲಿ, ಜಮಖಂಡಿ, ಬೀಳಗಿಯ ಕಚೇರಿಯಿರಲಿ, ಇಂದು ಗಮನಿಸಿ: ಸಭೆಗೆ ಕುರ್ಚಿ ಹಾಕುವವರು ಯಾರು, ಕುಳಿತು ಮಾತಾಡುವವರು ಯಾರು?

ನಮ್ಮ ಶಾಲೆಯಲ್ಲಿ ಯಾವ ಮಗು ಉಣ್ಣದೆ ಎದ್ದಿತು ಎಂಬುದು ಶಿಕ್ಷಕರಾದ ನಮಗಿಂತ ಮೊದಲು ಬಿಸಿಯೂಟದ ಅಕ್ಕನಿಗೆ ತಿಳಿಯುತ್ತದೆ. ಮಕ್ಕಳ ಬಗ್ಗೆ ಸಭೆ ಕೂಡಿದಾಗ ಆಕೆಗೂ ಒಂದು ಕುರ್ಚಿ ಬೇಕು ಎಂಬುದು ನನ್ನ ಮಾತು.

ನೀವು ಮೇಲಿನ ಹುದ್ದೆಯಲ್ಲಿದ್ದರೆ ಇಂದು ಒಬ್ಬರನ್ನಾದರೂ ಕೇಳಿ: "ನಿಮಗೆ ಯಾವ ಕೆಲಸ ಚೆನ್ನಾಗಿ ಒಲಿದಿದೆ?" ಕೇಳಿ ಸುಮ್ಮನಾಗಬೇಡಿ, ಆ ಕೆಲಸ ಕೊಡಿ, ಎಲ್ಲರೆದುರು ಅವರ ಹೆಸರು ಹೇಳಿ. ಕೆಳಗಿನ ಹುದ್ದೆಯಲ್ಲಿದ್ದರೆ ನಿಮ್ಮ ವಿದ್ಯೆ ಬಚ್ಚಿಡಬೇಡಿ. "ಇದು ನನಗೆ ಬರುತ್ತದೆ" ಎನ್ನುವುದು ಅಹಂಕಾರವಲ್ಲ, ಸ್ವಾಭಿಮಾನ.

ಜೈ ಭೀಮ್, ನಮೋ ಬುದ್ಧಾಯ.