ಚಾಕೊಲೇಟ್ ಇಲ್ಲದ ಚಾಕೊಲೇಟ್: ಒಂದು ಘಮದ ಪಾಠ

ಕಳೆದ ಡಿಸೆಂಬರಿನ ಒಂದು ಭಾನುವಾರ. ಗೋಥೆನ್‌ಬರ್ಗಿನಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲಾಗಿತ್ತು. ನಮ್ಮ ಕಾರಿಡಾರಿನ ಅಡುಗೆಮನೆಯಲ್ಲಿ ನಾಲ್ಕು ಜನ ಕನ್ನಡದವರು ಚಿತ್ರಾನ್ನ ಮಾಡಿಕೊಂಡು ಕೂತಿದ್ವಿ. ಸಿಗರೇಟು ಬಿಡಲು ಇ-ಸಿಗರೇಟು ಹಿಡಿದಿದ್ದ ಗೆಳೆಯನೊಬ್ಬ, ತಾನೇ ಬೆರೆಸಿದ "ಚಾಕೊಲೇಟ್" ಇ-ಲಿಕ್ವಿಡ್ ತೋರಿಸಿದ. ಮುಚ್ಚಳ ತೆಗೆದು ಮೂಸಿದವರು ಒಬ್ಬರೂ ಚಾಕೊಲೇಟ್ ಅನ್ನಲಿಲ್ಲ. "ಏನೋ ಇದು, ಟಯರ್ ಸುಟ್ಟಿದೀಯಾ?" ಅಂತ ಒಬ್ಬ ಕೇಳಿಯೇಬಿಟ್ಟ. ಗೆಳೆಯ ಬೇಸರದಿಂದ ಎದ್ದು, ಕಪಾಟಿನಲ್ಲಿದ್ದ ಕೇಕಿಗೆ ಹಾಕುವ ಎಣ್ಣೆಯ ಎಸೆನ್ಸ್ ಮತ್ತು ಕೋಕೋ ಪುಡಿ ಎರಡನ್ನೂ ಕೈಗೆತ್ತಿಕೊಂಡ. "ಅಸಲಿ ಕೋಕೋನೇ ಹಾಕಿದರೆ ಅಸಲಿ ವಾಸನೆ ಬರಲ್ವಾ?" ಅನ್ನೋದು ಅವನ ಲೆಕ್ಕ.

ಆ ಲೆಕ್ಕ ತಪ್ಪು ಮಾತ್ರವಲ್ಲ, ಅಪಾಯ ಕೂಡ. ಅವನ ಕೈಯಿಂದ ಎರಡನ್ನೂ ಕಿತ್ತುಕೊಂಡ ಮೇಲೆ "ಯಾಕೆ?" ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಹುಡುಕುತ್ತಾ ಹೋದಾಗ ಗೊತ್ತಾಗಿದ್ದನ್ನು ಇಲ್ಲಿ ಬರೆದಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಸೇದುವ ಅಭ್ಯಾಸ ಇಲ್ಲದವರಿಗೆ ಶುರು ಮಾಡಲು ಇದು ಕಾರಣ ಅಲ್ಲ. ಇದು ಘಮದ ಬಗ್ಗೆ ಒಂದು ಪಾಠ.

ಪುತ್ತೂರಿನಿಂದ ಶುರು ಮಾಡೋಣ

ಚಾಕೊಲೇಟ್ ಅಂದ ಕೂಡಲೇ ನಮಗೆ ಸ್ವಿಟ್ಜರ್ಲೆಂಡ್, ಬೆಲ್ಜಿಯಂ ನೆನಪಾಗುತ್ತೆ. ಆದರೆ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ, ಅಡಿಕೆ ಮರಗಳ ನೆರಳಲ್ಲೇ ಕೋಕೋ ಬೆಳೆಯುತ್ತೆ. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ, ಕೋಕೋ ಬೆಲೆ ಕುಸಿದು ರೈತರು ಕಂಗಾಲಾದಾಗ ಕೋಕೋವನ್ನೂ ಕೊಳ್ಳಲು ಮುಂದೆ ಬಂತು. 1986ರಲ್ಲಿ ಪುತ್ತೂರಿನಲ್ಲಿ ಅದರದ್ದೇ ಚಾಕೊಲೇಟ್ ಕಾರ್ಖಾನೆ ಶುರುವಾಯಿತು.

ಕೋಕೋ ಕಾಯಿ ಒಡೆದರೆ ಒಳಗೆ ಬಿಳಿ ಲೋಳೆ ಸುತ್ತಿದ ಬೀಜಗಳು. ಹಸಿ ಬೀಜ ಕಚ್ಚಿ ನೋಡಿ: ಕಹಿ, ಒಗರು. ಚಾಕೊಲೇಟಿನ ಸುಳಿವೇ ಇಲ್ಲ. ಘಮ ಹುಟ್ಟೋದು ಎರಡು ಹಂತದಲ್ಲಿ.

ಮೊದಲನೆಯದು ಹುಳಿಯುವಿಕೆ. ನಮ್ಮ ದೋಸೆ ಹಿಟ್ಟಿನ ಹಾಗೇ. ಬೀಜಗಳನ್ನು ರಾಶಿ ಹಾಕಿಯೋ, ಪೆಟ್ಟಿಗೆಯಲ್ಲಿ ತುಂಬಿಯೋ ಐದಾರು ದಿನ ಬಿಡುತ್ತಾರೆ. ಯೀಸ್ಟ್ ಲೋಳೆಯ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತೆ, ಬ್ಯಾಕ್ಟೀರಿಯಾ ಅದನ್ನು ವಿನೆಗರಿನ ಆಮ್ಲ ಮಾಡುತ್ತೆ. ರಾಶಿಯ ಒಳಗೆ ಬಿಸಿ 45 ರಿಂದ 50 ಡಿಗ್ರಿಗೆ ಏರುತ್ತೆ, ಬೀಜ ಸಾಯುತ್ತೆ. ಸತ್ತ ಬೀಜದೊಳಗೆ ಪ್ರೋಟೀನ್ ಒಡೆದು ಅಮೈನೋ ಆಮ್ಲಗಳಾಗುತ್ತವೆ, ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತೆ. ಅಂದರೆ ಕಚ್ಚಾ ಮಾಲು ರೆಡಿ.

ಎರಡನೆಯದು ಹುರಿಯುವುದು. ಒಣಗಿಸಿದ ಬೀಜವನ್ನು ಸುಮಾರು 120 ರಿಂದ 140 ಡಿಗ್ರಿಯಲ್ಲಿ ಹುರಿದಾಗ ಅಮೈನೋ ಆಮ್ಲ ಮತ್ತು ಸಕ್ಕರೆ ಸೇರಿ ನೂರಾರು ಹೊಸ ಅಣುಗಳು ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಲ್ಲಿ ಇದಕ್ಕೆ ಮಯ್ಯಾರ್ ಕ್ರಿಯೆ ಅಂತಾರೆ. ಅಮ್ಮ ರವೆ ಹುರಿಯುವಾಗ, ಕಾಫಿ ಬೀಜ ಹುರಿಯುವಾಗ ಮನೆಯೆಲ್ಲ ಹರಡುವ ಘಮ ಇದೇ ಜಾತಿಯದು. ಲ್ಯೂಸಿನ್ ಅನ್ನೋ ಅಮೈನೋ ಆಮ್ಲದಿಂದ 3-ಮೀಥೈಲ್‌ಬ್ಯುಟನ್ಯಾಲ್ ಬರುತ್ತೆ, ಅದಕ್ಕೆ ಮಾಲ್ಟಿನ ವಾಸನೆ. ಫೀನೈಲ್‌ಅಲನಿನ್‌ನಿಂದ ಜೇನಿನ ವಾಸನೆಯ ಅಣು. ಜೊತೆಗೆ ಪೈರಜೀನ್‌ಗಳ ಗುಂಪು: ಹುರಿದ ಕಡಲೆಬೀಜ, ಸುಟ್ಟ ರೊಟ್ಟಿಯ ವಾಸನೆ ಕೊಡುವಂಥವು.

ಚಾಕೊಲೇಟ್ ವಾಸನೆಯ ಅಣು ಯಾವುದು?

ಯಾವುದೂ ಅಲ್ಲ. ನಮ್ಮನ್ನು ಅತಿ ಹೆಚ್ಚು ಆಶ್ಚರ್ಯಪಡಿಸಿದ ವಿಷಯ ಇದು. ವೆನಿಲಾಕ್ಕೆ ವೆನಿಲಿನ್ ಅಂತ ಒಂದೇ ಯಜಮಾನ ಅಣು ಇದೆ. ಅದನ್ನು ಮೂಸಿದರೆ ಸಾಕು, "ವೆನಿಲಾ" ಅಂತೀವಿ. ಚಾಕೊಲೇಟಿಗೆ ಅಂಥ ಯಜಮಾನ ಇಲ್ಲ. ಜರ್ಮನಿಯ ಪೀಟರ್ ಶೀಬರ್ಲೆ 2011ರಲ್ಲಿ ವಿವರಿಸಿದ ಪ್ರಕಾರ, ಕೋಕೋದಲ್ಲಿ ಆರುನೂರರಷ್ಟು ಆವಿಯಾಗುವ ಅಣುಗಳಿದ್ದರೂ ಅದರ ಘಮ ಕಟ್ಟುವುದು ಸುಮಾರು 25 ಮಾತ್ರ. ಬಿಡಿಬಿಡಿಯಾಗಿ ಮೂಸಿದರೆ ಒಂದಕ್ಕೆ ಆಲೂಗಡ್ಡೆ ಚಿಪ್ಸ್ ವಾಸನೆ, ಒಂದಕ್ಕೆ ಬೇಯಿಸಿದ ಎಲೆಕೋಸು, ಒಂದಕ್ಕೆ ಬೆವರು, ಇನ್ನೊಂದಕ್ಕೆ ಜೇನು. ಎಲ್ಲ ಸರಿಯಾದ ಅಳತೆಯಲ್ಲಿ ಸೇರಿದಾಗ ಮಾತ್ರ ಮಿದುಳು "ಚಾಕೊಲೇಟ್" ಅನ್ನುತ್ತೆ. ಸಾರಿನ ಪುಡಿಯ ಹಾಗೆ ಅಂದುಕೊಳ್ಳಿ. ಧನಿಯಾ ಒಂದೇ ಮೂಸಿದರೆ ಸಾರು ನೆನಪಾಗಲ್ಲ.

ಒಂದು ಪ್ರಯೋಗ ನೀವೂ ಮಾಡಿ. ಕಣ್ಣು ಮುಚ್ಚಿ, ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ತುಂಡು ಡಾರ್ಕ್ ಚಾಕೊಲೇಟ್ ಬಾಯಿಗೆ ಹಾಕಿಕೊಳ್ಳಿ. ಸಿಹಿ, ಕಹಿ, ಜಿಡ್ಡು, ಅಷ್ಟೇ ಗೊತ್ತಾಗೋದು. ಈಗ ಮೂಗು ಬಿಡಿ. ತಟ್ಟನೆ ಚಾಕೊಲೇಟ್! ಅಂದರೆ ಚಾಕೊಲೇಟ್ ಎರಡು ಭಾಗದ್ದು. ನಾಲಿಗೆಯ ಭಾಗ: ಸಕ್ಕರೆ, ಥಿಯೋಬ್ರೋಮಿನ್‌ನ ಕಹಿ, ಬಾಯಲ್ಲಿ ಕರಗುವ ಕೋಕೋ ಬೆಣ್ಣೆ. ಮೂಗಿನ ಭಾಗ: ಆ 25 ಅಣುಗಳು.

ಇ-ಲಿಕ್ವಿಡ್‌ನಲ್ಲಿ ಚಾಕೊಲೇಟ್ ಯಾಕೆ ಸೋಲುತ್ತೆ?

ಇ-ಲಿಕ್ವಿಡ್‌ನ ಮೂಲ ಎರಡು ದ್ರವ. ತೆಳ್ಳಗಿನ ಪ್ರೊಪಿಲೀನ್ ಗ್ಲೈಕಾಲ್ ಘಮವನ್ನು ಹೊರುತ್ತೆ. ಮಂದವಾದ, ಸ್ವಲ್ಪ ಸಿಹಿಯಾದ ಗ್ಲಿಸರಿನ್ ಹೊಗೆಯಂಥ ಆವಿ ಕೊಡುತ್ತೆ. ಕಾಯಿಲ್ ಬಿಸಿಯಾದಾಗ ಇವು ಆವಿಯಾಗಿ ಘಮವನ್ನೂ ಒಯ್ಯುತ್ತವೆ. ಹಣ್ಣಿನ ಫ್ಲೇವರ್ ಇಲ್ಲಿ ಸುಲಭ, ಯಾಕಂದರೆ ಬಾಳೆಹಣ್ಣಿನ ಘಮಕ್ಕೆ ಒಂದೆರಡು ಅಣು ಸಾಕು. ಚಾಕೊಲೇಟಿಗೆ ಮಾತ್ರ ಎರಡು ತೊಂದರೆ. ಒಂದು, ನಾಲಿಗೆಯ ಭಾಗ ಪೂರ್ತಿ ಕಾಣೆ. ಕೋಕೋ ಬೆಣ್ಣೆ ಇಲ್ಲಿಗೆ ಬರುವಂತಿಲ್ಲ, ಕಹಿಯೂ ಅಸಲಿಯ ಹಾಗೆ ಬರಲ್ಲ. ಎರಡು, ಉಳಿದಿದ್ದು ಬರೀ ಹುರಿದ ವಾಸನೆ. ಜಿಡ್ಡಿನ ಜೊತೆ ಇಲ್ಲದ ಪೈರಜೀನ್ ಒಣಕಲಾಗಿ, ಕೋಕೋ ಪುಡಿಯ ಖಾಲಿ ಡಬ್ಬಿ ಮೂಸಿದ ಹಾಗಿರುತ್ತೆ. ಕಡಿಮೆಯಾಯಿತು ಅಂತ ಇನ್ನಷ್ಟು ಸುರಿದರೆ ಟಯರ್. ನಮ್ಮ ಗೆಳೆಯ ಮಾಡಿದ್ದೂ ಅದನ್ನೇ.

ನಾವು ಬೆರೆಸಿ ನೋಡಿದ್ದು

ನಾವು ಸೇದಿ ನೋಡಲಿಲ್ಲ, ಮೂಸಿ ನೋಡಿದ್ವಿ. ಸ್ವೀಡನ್ನಿನ ಯಾವ ಅಡುಗೆಮನೆಯಲ್ಲೂ ಇರುವ ಕಾಫಿ ಫಿಲ್ಟರ್ ಪೇಪರನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ತುದಿಗೆ ಒಂದು ಹನಿ ಹಾಕಿ, ಎರಡು ನಿಮಿಷ ಬಿಟ್ಟು ಮೂಸೋದು. ಮೂರು ಪಟ್ಟಿ ಆದ ಮೇಲೆ ಮೂಗು ಸುಸ್ತಾಗುತ್ತೆ. ಆಗ ಕಿಟಕಿ ತೆರೆದು ಹೊರಗಿನ ಗಾಳಿ. ನಿಕೋಟಿನ್ ಹಾಕಲೇ ಇಲ್ಲ. ಹನಿ ಲೆಕ್ಕ ನಂಬಬೇಡಿ, ಒಂದೊಂದು ಬಾಟಲಿಯ ಹನಿ ಒಂದೊಂದು ಗಾತ್ರ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಕದಿಂದ ಅಳೆದ್ವಿ. ಎಲ್ಲವೂ ಪ್ರೊಪಿಲೀನ್ ಗ್ಲೈಕಾಲಿನಲ್ಲಿ ಕರಗಿಸಿದ, ಎಣ್ಣೆಯಿಲ್ಲದ ಫ್ಲೇವರ್‌ಗಳೇ.

ಮೊದಲ ಪಟ್ಟಿ: ಚಾಕೊಲೇಟ್ ಫ್ಲೇವರ್ ಒಂದೇ, ನೂರಕ್ಕೆ 8. ಫಲಿತಾಂಶ: ಧೂಳು, ರಟ್ಟಿನ ಡಬ್ಬಿ.

ಎರಡನೆಯದು: ಚಾಕೊಲೇಟ್ 5ಕ್ಕೆ ಇಳಿಸಿ, ವೆನಿಲಾ 1.5 ಸೇರಿಸಿದ್ವಿ. ಕೂಡಲೇ ದುಂಡಗಾಯಿತು. ಕಾರಣ ಸರಳ: ಅಂಗಡಿಯ ಚಾಕೊಲೇಟುಗಳಲ್ಲಿ ಹೆಚ್ಚಿನವಕ್ಕೆ ವೆನಿಲಾ ಅಥವಾ ವೆನಿಲಿನ್ ಹಾಕಿರುತ್ತಾರೆ. ನಮ್ಮ ಮಿದುಳು ಕಲಿತ "ಚಾಕೊಲೇಟ್"ನಲ್ಲಿ ಅರ್ಧ ವೆನಿಲಾನೇ ಇದೆ. ತಮಾಷೆ ಏನಂದ್ರೆ, 1874ರಲ್ಲಿ ಜರ್ಮನ್ನರು ವೆನಿಲಿನ್ ಅನ್ನು ಮೊದಲು ತಯಾರಿಸಿದ್ದು ಪೈನ್ ಜಾತಿಯ ಮರದ ರಸದಿಂದ. ಪಕ್ಕದ ನಾರ್ವೆಯಲ್ಲಿ ಈಗಲೂ ಸ್ಪ್ರೂಸ್ ಮರದಿಂದ ವೆನಿಲಿನ್ ತೆಗೆಯುತ್ತಾರೆ.

ಮೂರನೆಯದು: ಅಸಿಟೈಲ್ ಪೈರಜೀನ್, ನೂರಕ್ಕೆ 5 ಸಾಂದ್ರತೆಯ ದ್ರಾವಣ, ಬರೀ 0.5. ಹೊಸದಾಗಿ ಹುರಿದ ಸಿಪ್ಪೆಯ ಘಮ ಬಂತು. ಆಸೆಯಿಂದ 1.5 ಹಾಕಿದಾಗ ಪೂರ್ತಿ ಹುರಿದ ಜೋಳ.

ನಾಲ್ಕನೆಯದು: ಕಾಫಿ 0.3. ಕಾಫಿ ಅಂತ ಗೊತ್ತಾಗಲಿಲ್ಲ, ಆದರೆ ಕಹಿ ಇದೆ ಅನ್ನಿಸಿತು. ನಾಲಿಗೆಗೆ ಸಿಗದ ಕಹಿಯನ್ನು ಮೂಗು ನೆನಪಿನಿಂದ ತುಂಬಿಕೊಳ್ಳುತ್ತೆ.

ಒಟ್ಟು ಲೆಕ್ಕ: 30 ಗ್ರಾಂ ದ್ರವದಲ್ಲಿ ಚಾಕೊಲೇಟ್ 1.5 ಗ್ರಾಂ, ವೆನಿಲಾ 0.45, ಅಸಿಟೈಲ್ ಪೈರಜೀನ್ ದ್ರಾವಣ 0.15, ಕಾಫಿ 0.09. ಉಳಿದ 27.81 ಗ್ರಾಂ ಮೂಲ ದ್ರವ. ಎರಡು ವಾರ ಕತ್ತಲಲ್ಲಿ ಇಟ್ಟು ಮೂಸಿದಾಗ ಚೂಪು ತಗ್ಗಿ, ಎಲ್ಲ ಒಂದಾಗಿತ್ತು. ಇದಕ್ಕೆ "ಹದ ಬರೋದು" ಅಂತ ನಾವೇ ಹೆಸರಿಟ್ಟೆವು. ಹದ ಬರುವಾಗ ರಸಾಯನ ಕ್ರಿಯೆಯೂ ನಡೆಯುತ್ತೆ: ವೆನಿಲಿನ್ ಪ್ರೊಪಿಲೀನ್ ಗ್ಲೈಕಾಲಿನ ಜೊತೆ ಸೇರಿ ಅಸಿಟ್ಯಾಲ್ ಅನ್ನೋ ಹೊಸ ಅಣುಗಳಾಗುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಇದನ್ನು ತೋರಿಸಿತು. ಈ ಹೊಸ ಅಣುಗಳು ಶ್ವಾಸನಾಳವನ್ನು ಕೆರಳಿಸುವ ನರಗ್ರಾಹಕಗಳನ್ನು ಪ್ರಚೋದಿಸಬಲ್ಲವು. ಅಂದರೆ ಬಾಟಲಿಗೆ ಹಾಕಿದ್ದೇ ಬಾಟಲಿಯಲ್ಲಿ ಉಳಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಐದನೆಯ ಪಟ್ಟಿ ನಾವು ಮಾಡಲಿಲ್ಲ

ಈಗ ಕೈಲಿದ್ದದ್ದು ಡಾರ್ಕ್ ಚಾಕೊಲೇಟ್. ಗೆಳೆಯನಿಗೆ ಬೇಕಿದ್ದದ್ದು ಮಾರಬೌ ಥರದ ಮಿಲ್ಕ್ ಚಾಕೊಲೇಟ್. ಆ ಕೆನೆ, ಆ ಬೆಣ್ಣೆ. "ನಿಜವಾದ ಚಾಕೊಲೇಟ್" ಅನ್ನಿಸಲು ಅದೊಂದು ಹೆಜ್ಜೆ ಮಾತ್ರ ಬಾಕಿ. ಬೆಣ್ಣೆಯ ಘಮದ ಮುಖ್ಯ ಅಣು ಡೈಅಸಿಟೈಲ್. ತಿಂದರೆ ತೊಂದರೆ ಇಲ್ಲ, ನಮ್ಮ ಬೆಣ್ಣೆಯಲ್ಲೇ ಇದೆ. ಆದರೆ 2000ದಲ್ಲಿ ಅಮೆರಿಕದ ಮಿಸ್ಸೂರಿ ರಾಜ್ಯದ ಒಂದು ಪಾಪ್‌ಕಾರ್ನ್ ಕಾರ್ಖಾನೆಯ ಎಂಟು ಮಾಜಿ ಕೆಲಸಗಾರರಿಗೆ ಶ್ವಾಸಕೋಶದ ಸಣ್ಣ ನಾಳಗಳು ಕಲೆಗಟ್ಟಿ ಮುಚ್ಚಿಹೋಗುವ, ವಾಪಸ್ ಸರಿಯಾಗದ ಕಾಯಿಲೆ ಪತ್ತೆಯಾಯಿತು. ಅವರು ಬೆಣ್ಣೆ ಫ್ಲೇವರಿನ ಆವಿಯನ್ನು ದಿನವಿಡೀ ಉಸಿರಾಡುತ್ತಿದ್ದವರು. ಡೈಅಸಿಟೈಲ್ ಬದಲಿಗೆ ಬಂದ ಅದರ ಹತ್ತಿರದ ಸಂಬಂಧಿ ಅಣುವೂ ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅಂಥದ್ದೇ ಹಾನಿ ಮಾಡಿತು. 2015ರಲ್ಲಿ ಹಾರ್ವರ್ಡ್‌ನವರು 51 ಬಗೆಯ ಇ-ಸಿಗರೇಟ್ ಫ್ಲೇವರ್ ಪರೀಕ್ಷಿಸಿದಾಗ 39ರಲ್ಲಿ ಡೈಅಸಿಟೈಲ್ ಸಿಕ್ಕಿತು. ಸಿಗರೇಟಿನ ಹೊಗೆಯಲ್ಲಿ ಅದು ಇನ್ನೂ ಹೆಚ್ಚು ಇರುತ್ತೆ ಅನ್ನೋದೂ ನಿಜ. ಆದರೆ ಸಿಗರೇಟಿಗಿಂತ ವಾಸಿ ಅನ್ನೋದು ಬೇರೆ, ಒಳ್ಳೆಯದು ಅನ್ನೋದು ಬೇರೆ.

ಪಾಠದ ತಿರುಳು ಇದೇ. ಬಾಟಲಿಯ ಮೇಲೆ "ಆಹಾರಕ್ಕೆ ಯೋಗ್ಯ" ಅಂತ ಇದ್ದರೆ ಅದು ಹೊಟ್ಟೆಯ ಬಗ್ಗೆ ಹೇಳಿದ ಮಾತು, ಶ್ವಾಸಕೋಶದ ಬಗ್ಗೆ ಅಲ್ಲ. ಹೊಟ್ಟೆಯಲ್ಲಿ ಆಮ್ಲ ಇದೆ, ಪಿತ್ತ ಇದೆ, ಹಿಂದೆ ಲಿವರ್ ಇದೆ. ಶ್ವಾಸಕೋಶದಲ್ಲಿ ಗಾಳಿ ಮತ್ತು ರಕ್ತದ ನಡುವೆ ಇರೋದು ತೀರಾ ತೆಳುವಾದ ಒಂದು ಪೊರೆ.

ಆದ್ದರಿಂದಲೇ ಎಣ್ಣೆಯ ಎಸೆನ್ಸ್ ಖಂಡಿತ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಆಗಬಹುದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿದವರು ಸಾಲುಸಾಲಾಗಿ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ ಅವರ ಸಂಖ್ಯೆ 2,807, ಸತ್ತವರು 68. ಮುಖ್ಯ ಕಾರಣವಾಗಿ ಕಂಡದ್ದು ಗಾಂಜಾ ದ್ರವಗಳಲ್ಲಿ ಬೆರೆಸಿದ್ದ, ಎಣ್ಣೆಯಂಥ ವಿಟಮಿನ್ ಇ ಅಸಿಟೇಟ್. ಕೋಕೋ ಪುಡಿಯಲ್ಲೂ ಕೊಬ್ಬಿದೆ, ಜೊತೆಗೆ ಕರಗದ ಕಣಗಳಿವೆ. ಸಕ್ಕರೆ ಕಾಯಿಲ್ ಮೇಲೆ ಕರಕಾಗುತ್ತೆ. ಮೂರೂ ಬೇಡ.

ಇಲ್ಲಿಯ ಕಾನೂನು, ಊರಿನ ಕಾನೂನು

ಸ್ವೀಡನ್ನಿನಲ್ಲಿ 18 ತುಂಬಿದವರಿಗೆ ಇ-ಸಿಗರೇಟ್ ಮಾರಬಹುದು. ನಿಕೋಟಿನ್ ಇರುವ ದ್ರವಕ್ಕೆ ಯುರೋಪಿನ ನಿಯಮದ ಮಿತಿ ಇದೆ: ಮಿಲಿಲೀಟರಿಗೆ 20 ಮಿಲಿಗ್ರಾಂ, ಬಾಟಲಿ 10 ಮಿಲಿಲೀಟರ್. 2022ರಲ್ಲಿ ತಂಬಾಕು ಬಿಟ್ಟು ಬೇರೆ ಫ್ಲೇವರ್‌ಗಳನ್ನು ನಿಷೇಧಿಸುವ ಪ್ರಸ್ತಾಪವನ್ನು ಸರ್ಕಾರ ತಂದಿತ್ತು, ಸಂಸತ್ತು ಒಪ್ಪಲಿಲ್ಲ. ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತೆ. ಯಾರಾದರೂ ನುಂಗಿದರೆ, ಅದರಲ್ಲೂ ಮಕ್ಕಳಿದ್ದರೆ, ಕೂಡಲೇ 112ಕ್ಕೆ ಫೋನ್ ಮಾಡಿ ವಿಷ ಮಾಹಿತಿ ಕೇಂದ್ರವನ್ನು ಕೇಳಿ.

ಊರಿನ ಕಥೆ ಬೇರೆ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಕಾನೂನು ತಂದಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ದಾಸ್ತಾನು ಯಾವುದೂ ಕೂಡದು. ದಾಸ್ತಾನು ಬಿಟ್ಟು ಉಳಿದವುಗಳಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಆದ್ದರಿಂದ ಬೇಸಿಗೆ ರಜೆಗೆ ಊರಿಗೆ ಹೊರಡುವಾಗ ಸೂಟ್‌ಕೇಸಿನ ಮೂಲೆ, ಜಾಕೆಟ್ಟಿನ ಜೇಬು ಎರಡನ್ನೂ ಒಮ್ಮೆ ನೋಡಿಕೊಳ್ಳಿ. "ನನ್ನ ಸ್ವಂತಕ್ಕೆ ಸಾರ್" ಅನ್ನೋ ಮಾತನ್ನು ವಿಮಾನ ನಿಲ್ದಾಣದಲ್ಲಿ ನಂಬಿ ಕೂರಬೇಡಿ.

ಕೊನೆಗೆ

ಗೆಳೆಯ ನಾಲ್ಕನೆಯ ಪಟ್ಟಿಯನ್ನು ಬಹಳ ಹೊತ್ತು ಮೂಸಿದ. "ಸರಿ ಇದೆ ಕಣ್ರೋ, ಆದ್ರೆ ಕೆನೆ ಇಲ್ಲ" ಅಂದ. ಅದೇ ರಾತ್ರಿ ನಾವು ಹಾಲು ಕಾಯಿಸಿ, ಕೋಕೋ ಪುಡಿ, ಸಕ್ಕರೆ, ಚಿಟಿಕೆ ಉಪ್ಪು, ಸ್ವಲ್ಪ ವೆನಿಲಾ ಸಕ್ಕರೆ ಹಾಕಿ ಐದು ಲೋಟ ಮಾಡಿದ್ವಿ. ಅಣುಗಳು ಹೆಚ್ಚುಕಮ್ಮಿ ಅವೇ, ಮೇಲೆ ಕೆನೆಯೂ ಇತ್ತು. ಅವನು ಎರಡು ಲೋಟ ಕುಡಿದ. ಇ-ಸಿಗರೇಟನ್ನು ಅವನಿನ್ನೂ ಬಿಟ್ಟಿಲ್ಲ, ನಿಕೋಟಿನ್ ಇಳಿಸುತ್ತಾ ಬಂದಿದ್ದಾನೆ. ಎಣ್ಣೆಯ ಬಾಟಲಿ ಮಾತ್ರ ಕೇಕಿನ ಡಬ್ಬಿಯ ಪಕ್ಕದಲ್ಲೇ ಇದೆ.

ಮುಂದಿನ ಫಿಕಾಕ್ಕೆ ಸಿಕ್ಕಾಗ ಮೂಗು ಮುಚ್ಚುವ ಪ್ರಯೋಗ ಎಲ್ಲರೂ ಸೇರಿ ಮಾಡೋಣ. ಊರಿಂದ ಬರುವವರು ಯಾರಾದರೂ ಪುತ್ತೂರಿನ ಒಂದು ಚಾಕೊಲೇಟ್ ತಂದರೆ ಇನ್ನೂ ಒಳ್ಳೆಯದು.