ಸೆಕೆಂಡ್ ಹಾಫ್ ಬರೆಯುವ ಮುನ್ನ

ಪುಟ್ಟೀ, ನೀನು ಕಳಿಸಿದ ಸ್ಕ್ರಿಪ್ಟಿನ ಮೊದಲರ್ಧ ಓದಿ ಮುಗಿಸಿದೆ. ಇಂಟರ್‌ವಲ್‌ಗೆ ತಂದು ನಿಲ್ಲಿಸಿರುವ ತಿರುವು ಗಟ್ಟಿಯಾಗಿದೆ. ನಿರ್ಮಾಪಕರು ಅಷ್ಟು ಕೇಳಿಯೇ ಒಪ್ಪಿಕೊಂಡರಂತೆ, ಉಳಿದದ್ದನ್ನು ಡಿಸ್ಕಷನ್‌ನಲ್ಲಿ ಕೂತು ಮಾಡೋಣ ಅಂದರಂತೆ. ನಿನ್ನಮ್ಮ ಫೋನಿನಲ್ಲಿ ಖುಷಿಯಿಂದ ಹೇಳಿದಳು. ನನಗೂ ಖುಷಿಯೇ. ಆದರೆ ಗಾಂಧಿನಗರದ ಲಾಡ್ಜ್ ರೂಮುಗಳಲ್ಲಿ ಕಥೆ ಚರ್ಚೆಗೆ ಕೂತೂ ಕೂತೂ ತಲೆ ನರೆತವನು ನಾನು. ‘ಉಳಿದದ್ದು’ ಅನ್ನುವ ಆ ಅರ್ಧದಲ್ಲೇ ಎಷ್ಟೋ ಒಳ್ಳೆಯ ಚಿತ್ರಗಳು ಮುಳುಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಈ ನಾಲ್ಕು ಮಾತು.

ಕೆಂಪೇಗೌಡ ರಸ್ತೆಯ ಯಾವ ಥಿಯೇಟರಿನ ಬಾಗಿಲಲ್ಲಿ ನಿಂತರೂ ಕೇಳಿಸುವ ಮಾತು ಒಂದಿದೆ: “ಫಸ್ಟ್ ಹಾಫ್ ಚೆನ್ನಾಗಿತ್ತು, ಆಮೇಲೆ ಯಾಕೋ ಎಳೆದುಬಿಟ್ರು.” ಪೂರಾ ಕೆಟ್ಟ ಚಿತ್ರದ ಬಗ್ಗೆ ಜನ ಹೀಗೆ ಮಾತಾಡುವುದಿಲ್ಲ. ಅದನ್ನು ಬೈದು, ಬಸ್ಸು ಹತ್ತುವಷ್ಟರಲ್ಲಿ ಮರೆಯುತ್ತಾರೆ. ಆಸೆ ಹುಟ್ಟಿಸಿ ಕೈಬಿಟ್ಟ ಚಿತ್ರ ಮಾತ್ರ ಅವರನ್ನು ನೋಯಿಸುತ್ತದೆ. ಮದುವೆಗೆ ಕರೆದವರು ಬಂದವರನ್ನು ಊಟಕ್ಕೆ ಎಬ್ಬಿಸದೆ ಕಳಿಸಿದರೆ ಆಗುವಂಥ ನೋವು ಅದು.

ಆಸೆ ಹುಟ್ಟಿಸುವುದು ಪೋಸ್ಟರ್ ಒಂದೇ ಅಲ್ಲ. ಚಿತ್ರದ ಮೊದಲ ಹದಿನೈದಿಪ್ಪತ್ತು ನಿಮಿಷಗಳೇ ಒಂದು ಮಾತು ಕೊಡುತ್ತವೆ. ‘ಮುಂಗಾರು ಮಳೆ’ಯನ್ನು ಇನ್ನೊಮ್ಮೆ ನೋಡು, ಈ ಸಲ ಹಾಡಿಗಾಗಿ ಬೇಡ, ಕಟ್ಟೋಣಕ್ಕಾಗಿ. ನಂದಿನಿಯನ್ನು ನೋಡುತ್ತಾ ನಡೆದ ನಾಯಕ ಪ್ರೀತಮ್ ಮ್ಯಾನ್‌ಹೋಲಿಗೆ ಬೀಳುತ್ತಾನೆ. ನಗು ಬರುತ್ತದೆ. ಆದರೆ ಆ ನಗುವಿನೊಳಗೇ ನಿರ್ದೇಶಕ ಭಟ್ಟರು ಹೇಳಬೇಕಾದದ್ದನ್ನು ಹೇಳಿಬಿಟ್ಟಿದ್ದಾರೆ: ಇವನು ನೆಲ ನೋಡದೆ ಪ್ರೀತಿಸುವವನು, ಬೀಳುವುದು ಇವನ ಹಣೆಬರಹ. ಆಮೇಲೆ ಮಡಿಕೇರಿ, ಅವಳ ಅಪ್ಪ ಕರ್ನಲ್ ಮನೆ, ಬೇರೊಬ್ಬನ ಜೊತೆ ಗೊತ್ತಾಗಿರುವ ಅವಳ ಮದುವೆ. ಮೊಲ ದೇವದಾಸನ ಜೊತೆ ಇವನ ಹರಟೆ. ಕೊನೆಯಲ್ಲಿ ನಂದಿನಿಯನ್ನು ಇವನ ಕೈಗೆ ಕೊಡಿಸಿ ಜನರನ್ನು ನಗುನಗುತ್ತಾ ಮನೆಗೆ ಕಳಿಸುವುದು ಎಷ್ಟು ಸುಲಭವಿತ್ತು! ಹಾಗೆ ಮಾಡಲಿಲ್ಲ. ಅವನು ಬಿಟ್ಟುಕೊಟ್ಟ, ದೇವದಾಸನೂ ಹೋಯಿತು, ಮಳೆಯಲ್ಲಿ ಒಬ್ಬನೇ ಉಳಿದ. 2006ರ ಡಿಸೆಂಬರ್ ಕೊನೆಯಲ್ಲಿ ಸದ್ದಿಲ್ಲದೆ ಬಂದ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. ಹಾಡು, ಮಳೆ, ನಾಯಕನಟ ಗಣೇಶ್ ಮಾತಿನ ಮೋಡಿ ಎಲ್ಲವೂ ಇದ್ದವು, ನಿಜ. ಆದರೆ ಆ ಕೊನೆ ಸುಳ್ಳಾಗಿದ್ದರೆ ಅವು ಯಾವುವೂ ಚಿತ್ರವನ್ನು ಅಷ್ಟು ದೂರ ಹೊರುತ್ತಿರಲಿಲ್ಲ.

ಇನ್ನು ಡಿಸ್ಕಷನ್ ರೂಮಿನಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ ಕೇಳು. ನಾನು ಕೆಲಸ ಮಾಡಿದ ಒಂದು ಚಿತ್ರ, ಹೆಸರು ಬೇಡ. ಹಳ್ಳಿ ಶಾಲೆಗೆ ಹೊಸದಾಗಿ ಬಂದ ಮೇಡಂ ಒಬ್ಬರು ಹಾಜರಿ ಪುಸ್ತಕ ತೆರೆದು ಹೆಸರು ಕೂಗುತ್ತಾರೆ. ಒಂದು ಹೆಸರಿಗೆ ಯಾರೂ ಓಗೊಡುವುದಿಲ್ಲ. ಉಳಿದ ಮಕ್ಕಳೆಲ್ಲ ತಲೆ ತಗ್ಗಿಸುತ್ತಾರೆ. ಆ ಹುಡುಗಿ ಎಲ್ಲಿ? ಅದೇ ಕಥೆ. ಕೇಳಿದವರೆಲ್ಲ ಮೈ ಜುಮ್ಮೆಂದಿತು ಅಂದರು. ಚರ್ಚೆಗೆ ಕೂತ ಮೇಲೆ ಒಬ್ಬರು, “ಇಂಟರ್‌ವಲ್‌ಗೆ ಹೀರೋ ಎಂಟ್ರಿ ಕೊಡಿಸೋಣ” ಅಂದರು. ಬಂದ ಹೀರೋಗೆ ಒಂದು ಫ್ಲ್ಯಾಶ್‌ಬ್ಯಾಕ್ ಬೇಕಾಯಿತು. ಫ್ಲ್ಯಾಶ್‌ಬ್ಯಾಕಿಗೆ ಒಬ್ಬ ತಮ್ಮ, ತಮ್ಮನಿಗೊಂದು ಸಾವು, ಸಾವಿಗೊಂದು ಸೇಡು. ನಡುವೆ ಕಾಮಿಡಿ ಟ್ರ್ಯಾಕ್. ವಿಲನ್‌ಗೆ ಬಿಲ್ಡಪ್ ಸಾಲದು ಅಂತ ಇನ್ನೆರಡು ಸೀನು. ಯಾರೂ ಕೆಡಿಸಬೇಕೆಂದು ಹೇಳಿದ್ದಲ್ಲ, ಪ್ರತಿಯೊಬ್ಬರ ಸಲಹೆಗೂ ಒಂದು ಕಾರಣವಿತ್ತು. ಚಿತ್ರ ಬಿಡುಗಡೆಯಾದಾಗ ಎರಡನೆಯ ಅರ್ಧದಲ್ಲಿ ಮೇಡಂ ಬಂದಿದ್ದು ಒಂದು ಹಾಡಿಗೆ, ಒಂದು ಅಳುವಿಗೆ. ಹಾಜರಿ ಪುಸ್ತಕದ ಆ ಹುಡುಗಿಯ ವಿಷಯ ಯಾವುದೋ ಸಂಭಾಷಣೆಯ ಸಾಲಿನಲ್ಲಿ ಮುಗಿದುಹೋಯಿತು. ಬಾಲ್ಕನಿಯಿಂದ ಇಳಿಯುತ್ತಿದ್ದ ಹೆಂಗಸೊಬ್ಬರು ಪಕ್ಕದವರನ್ನು, “ಅಲ್ಲಾ, ಆ ಮಗು ಏನಾಯ್ತು?” ಎಂದು ಕೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ದುಡ್ಡು ಹೆಚ್ಚಾದರೆ ಇದು ಸರಿಹೋಗುತ್ತದೆ ಅಂದುಕೊಳ್ಳಬೇಡ. ‘ಪ್ರೇಮಲೋಕ’, ‘ರಣಧೀರ’ ಕೊಟ್ಟ ರವಿಚಂದ್ರನ್ ‘ಶಾಂತಿ ಕ್ರಾಂತಿ’ ಕೈಗೆತ್ತಿಕೊಂಡಾಗ ನಮಗೆಲ್ಲ ಎಷ್ಟು ನಿರೀಕ್ಷೆ! ಪ್ಯಾನ್ ಇಂಡಿಯಾ ಅನ್ನುವ ಮಾತೇ ಇಲ್ಲದ ಕಾಲದಲ್ಲಿ ಒಂದೇ ಕಥೆ ನಾಲ್ಕು ಭಾಷೆಗಳಲ್ಲಿ: ಕನ್ನಡಕ್ಕೆ ಅವರೇ ನಾಯಕ, ತೆಲುಗಿಗೆ ನಾಗಾರ್ಜುನ, ತಮಿಳಿಗೂ ಹಿಂದಿಗೂ ರಜನಿಕಾಂತ್. ವಸ್ತುವೂ ಸಣ್ಣದಲ್ಲ, ಮಕ್ಕಳನ್ನು ಕದ್ದು ಅಂಗಾಂಗ ಮಾರುವ ಜಾಲದ ವಿರುದ್ಧದ ಹೋರಾಟ. ಅಂಥ ಧೈರ್ಯಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ. ಆದರೆ ನಾಯಕರನ್ನು ಬದಲಿಸಿ ಬದಲಿಸಿ ಅದೇ ದೃಶ್ಯ ತೆಗೆಯುವ ನಿರ್ದೇಶಕನ ತಲೆಯಲ್ಲಿ ಕಾಲ್‌ಶೀಟು, ಸೆಟ್ಟು, ಜನಜಂಗುಳಿ ತುಂಬಿಕೊಂಡ ಮೇಲೆ ಕಥೆಗೆ ಉಳಿಯುವ ಜಾಗವೆಷ್ಟು? ತೆರೆ ದೊಡ್ಡದಾದಷ್ಟೂ ಆ ಮಕ್ಕಳು ನನಗೆ ಚಿಕ್ಕದಾಗಿ ಕಂಡರು. 1991ರಲ್ಲಿ ಚಿತ್ರ ಸೋತಿತು, ಅವರು ಕೈ ಸುಟ್ಟುಕೊಂಡರು. ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅದೇ ವರ್ಷ ಅವರದೇ ನಟನೆಯ ‘ರಾಮಾಚಾರಿ’, ಒಬ್ಬ ಮುಗ್ಧ ಹಳ್ಳಿಗನ ಕಥೆ, ಮನೆಮನೆಯ ಮಾತಾಯಿತು.

ಈಗಿನ ಕಾಲದಲ್ಲಿ ಅಪಾಯ ಇನ್ನೂ ಮೊದಲೇ ಶುರುವಾಗುತ್ತದೆ. ಚಿತ್ರೀಕರಣ ಮುಗಿಯುವ ಮೊದಲೇ ಟೀಸರ್ ಬಂದುಬಿಡುತ್ತದೆ. ಕತ್ತಲು, ಬೆಂಕಿ, ನಿಧಾನಕ್ಕೆ ತಿರುಗುವ ಮುಖ, ಎದೆ ನಡುಗಿಸುವ ಸದ್ದು. ಅದಕ್ಕೆ ಲಕ್ಷಗಟ್ಟಲೆ ವ್ಯೂಸ್ ಬಂದಮೇಲೆ ತಂಡ ಅದನ್ನೇ ಬೆನ್ನಟ್ಟುತ್ತದೆ, ಬರೆದಿಟ್ಟ ಮೆಲುದನಿಯ ದೃಶ್ಯಗಳೆಲ್ಲ ಒಂದೊಂದಾಗಿ ಉದುರುತ್ತವೆ. ನಿನ್ನ ಟೀಸರ್ ಮಾತು ಬಂದ ದಿನ ಇದಿಷ್ಟು ನೆನಪಿಟ್ಟುಕೋ: ನಿನ್ನ ಚಿತ್ರದಲ್ಲಿ ಇಲ್ಲದ ಆವೇಶವನ್ನು ಅದರಲ್ಲಿ ತೋರಿಸಲು ಬಿಡಬೇಡ. ಮೊದಲ ದಿನದ ಟಿಕೆಟ್ಟು ಒಂದಿಷ್ಟು ಕಡಿಮೆ ಹೋದರೂ ಪರವಾಗಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ನಿರಾಸೆಯೆಲ್ಲ ಚಿತ್ರದ ತಪ್ಪಲ್ಲ. 2014ರಲ್ಲಿ ‘ಉಳಿದವರು ಕಂಡಂತೆ’ ಬಂದಾಗ ಥಿಯೇಟರಿನಲ್ಲಿ ನಿಲ್ಲಲಿಲ್ಲ. ಮಲ್ಪೆಯ ಕಡಲು, ಅಷ್ಟಮಿಯ ವೇಷ, ನಾಯಕ ರಿಚ್ಚಿಯ ನಡಿಗೆ ನೋಡಿ ಒಂದು ಸೇಡಿನ ಕಥೆ ನಿರೀಕ್ಷಿಸಿದ ಜನಕ್ಕೆ ಅಧ್ಯಾಯ ಅಧ್ಯಾಯವಾಗಿ ಬೇರೆಬೇರೆಯವರ ಕಣ್ಣಲ್ಲಿ ಹೇಳಿದ್ದು ಹಿಡಿಸಲಿಲ್ಲ. ಆದರೆ ಹೆಸರಿನಲ್ಲೇ ಹಾಗೆ ಹೇಳುತ್ತೇನೆಂದು ಆ ಚಿತ್ರ ಮಾತು ಕೊಟ್ಟಿತ್ತಲ್ಲ! ಅದನ್ನು ಕೊನೆಯವರೆಗೂ ಉಳಿಸಿಕೊಂಡಿತು. ಆಮೇಲೆ ಜನವೇ ಅದನ್ನು ಹುಡುಕಿಕೊಂಡು ಬಂದರು. ಹಾಗೆಯೇ 1972ರ ‘ನಾಗರಹಾವು’ ಜನರ ಎದೆಯಲ್ಲಿ ಕೂತಿದೆ, ಆದರೆ ಕಾದಂಬರಿ ಬರೆದ ತ.ರಾ.ಸು. ಅವರಿಗೆ ನಿರ್ದೇಶಕ ಪುಟ್ಟಣ್ಣನವರು ತೋರಿಸಿದ ರೀತಿ ಸಮಾಧಾನ ತರಲಿಲ್ಲ. ಒಂದೇ ಚಿತ್ರ ಒಬ್ಬರಿಗೆ ತುಂಬಿದ್ದು, ಇನ್ನೊಬ್ಬರಿಗೆ ಬರಿದು. ಎಲ್ಲರ ನಿರೀಕ್ಷೆಗೂ ನೀನು ಜವಾಬ್ದಾರಳಲ್ಲ. ನೀನಾಗಿ ಹುಟ್ಟಿಸಿದ ನಿರೀಕ್ಷೆಗೆ ಮಾತ್ರ ಹೌದು.

ಹಾಗಾಗಿ ಡಿಸ್ಕಷನ್‌ಗೆ ಹೋಗುವ ಮೊದಲು ಕೊನೆಯ ದೃಶ್ಯವನ್ನು ನೀನೊಬ್ಬಳೇ ಕೂತು ಬರೆದುಬಿಡು. ಚೆನ್ನಾಗಿರದಿದ್ದರೂ ಸರಿ, ಇರಬೇಕು ಅಷ್ಟೆ. ಆಮೇಲೆ ಯಾರಾದರೂ ಹೊಸ ಸೀನು ಹೇಳಿದರೆ ಜಗಳ ಮಾಡಬೇಡ, ಮುಖ ಗಂಟು ಹಾಕಬೇಡ. “ಸರ್, ಇದು ಆ ಕೊನೆಗೆ ಹೋಗೋಕೆ ದಾರಿ ಮಾಡುತ್ತಾ?” ಎಂದು ಮೆತ್ತಗೆ ಕೇಳು. ಮಾಡುತ್ತದೆ ಅಂದರೆ ತಗೋ, ಹಿರಿಯರ ಅನುಭವ ದೊಡ್ಡದು. ಇಲ್ಲವೆಂದರೆ ಸುಮ್ಮನೆ ಬರೆದಿಟ್ಟುಕೋ, ಇನ್ನೊಂದು ಚಿತ್ರಕ್ಕೆ ಬಂದೀತು. ನಿನ್ನ ಮೂರನೆಯ ದೃಶ್ಯದಲ್ಲಿ ಆ ಅಜ್ಜಿ ಟ್ರಂಕಿಗೆ ಬೀಗ ಹಾಕಿ ಕೀಲಿಯನ್ನು ಬಾವಿಗೆ ಎಸೆಯುತ್ತಾಳಲ್ಲ, ನನಗೆ ಅದರದ್ದೇ ಯೋಚನೆ. ಇಂಟರ್‌ವಲ್‌ವರೆಗೂ ಆ ಟ್ರಂಕು ಮತ್ತೆ ಕಾಣಿಸಿಕೊಂಡಿಲ್ಲ. ಅದರೊಳಗೆ ಏನಿದೆ ಅಂತ ನಿನಗೆ ಗೊತ್ತಿದೆಯೇ? ಗೊತ್ತಿದ್ದರೆ ಈ ವಾರದೊಳಗೆ ಬರೆದು ಕಳಿಸು. ಗೊತ್ತಿಲ್ಲದಿದ್ದರೆ ಭಾನುವಾರ ಮನೆಗೆ ಬಾ, ಅತ್ತೆಗೆ ಹೇಳಿರುತ್ತೇನೆ. ಊಟ ಮಾಡಿ ಇಬ್ಬರೂ ಕೂತು ಯೋಚಿಸೋಣ.