ಮನೆಯಂಗಳದ ಈಜುಕೊಳ: ತಿಳಿನೀರೆಲ್ಲ ಶುದ್ಧನೀರಲ್ಲ

ಕಳೆದ ಬೇಸಿಗೆ ರಜೆಯಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು ತಾತ ನನ್ನ ಕ್ಲಿನಿಕ್ಕಿಗೆ ಕರೆತಂದರು. ದೊಡ್ಡವನಿಗೆ ಕಿವಿನೋವು, ಕಿವಿ ಮುಟ್ಟಿದರೆ ಚೀರುತ್ತಿದ್ದ. ಉಳಿದಿಬ್ಬರ ಕಣ್ಣು ಕೆಂಪಾಗಿತ್ತು. ನಗರದ ಹೊರವಲಯದ ಹೊಸ ಮನೆಯ ಹಿತ್ತಲಿನಲ್ಲಿ ತಾತ ಈಜುಕೊಳ ಕಟ್ಟಿಸಿದ್ದರು. "ನೀರು ಕನ್ನಡಿ ಹಾಗಿದೆ ಡಾಕ್ಟ್ರೇ, ತಳದ ಟೈಲ್ಸ್ ಎಣಿಸಬಹುದು" ಎಂದರು. ನೀರನ್ನು ಕೊನೆಯ ಬಾರಿ ಪರೀಕ್ಷೆ ಮಾಡಿದ್ದು ಯಾವಾಗ ಎಂದು ಕೇಳಿದೆ. ತಾತ ಮಗನ ಮುಖ ನೋಡಿದರು, ಮಗ ನೆಲ ನೋಡಿದ.

ಈಜುಕೊಳ ಕಟ್ಟಿಸುವುದು ಒಮ್ಮೆ, ನೋಡಿಕೊಳ್ಳುವುದು ದಿನವೂ. ಮನೆಯಲ್ಲಿ ಕೊಳ ಇರುವವರೂ ಕಟ್ಟಿಸಬೇಕೆಂದಿರುವವರೂ ಇದನ್ನು ಮೊದಲು ಮನಗಾಣಬೇಕು.

ಲಾಭವೇನು?

ಈಜು ಉತ್ತಮ ವ್ಯಾಯಾಮ ಎಂಬುದರಲ್ಲಿ ಎರಡು ಮಾತಿಲ್ಲ. ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ದೇಹದ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಮಂಡಿನೋವು, ಬೊಜ್ಜು ಇರುವವರಿಗೆ ನೀರಿನಲ್ಲಿ ನಡೆದಾಡುವುದೂ ಒಳ್ಳೆಯದೇ. ವಾರಕ್ಕೆ 150 ನಿಮಿಷಗಳ ವ್ಯಾಯಾಮ ಬೇಕೆಂದು ವೈದ್ಯರು ಹೇಳುವುದನ್ನು ಕೊಳವೊಂದೇ ಪೂರೈಸಬಲ್ಲದು. ಆದರೆ ಅಪಸ್ಮಾರ ಇರುವವರು ಮತ್ತು ಇನ್ಸುಲಿನ್ ತೆಗೆದುಕೊಳ್ಳುವವರು ಒಬ್ಬರೇ ನೀರಿಗಿಳಿಯಬಾರದು. ಕಿವಿಯ ತಮಟೆ ತೂತಾಗಿರುವವರು ವೈದ್ಯರನ್ನು ಕೇಳಿಯೇ ಈಜಬೇಕು.

ಕಣ್ಣಿಗೆ ಕಾಣದ ಎರಡು ಅಂಶಗಳು

ನೀರಿನ ಶುದ್ಧತೆಯನ್ನು ಕಾಯುವುದು ಕ್ಲೋರಿನ್. ಅದು ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕು. ನೀರಿನ ಆಮ್ಲ-ಕ್ಷಾರ ಗುಣವನ್ನು ತೋರಿಸುವ ಪಿಎಚ್ 7.2ರಿಂದ 7.8ರ ಒಳಗಿರಬೇಕು. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಕ್ರಿಮಿಗಳನ್ನು ಚೆನ್ನಾಗಿ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಪಿಎಚ್ ನೋಡದೆ ಕ್ಲೋರಿನ್ ಸುರಿದು ಪ್ರಯೋಜನವಿಲ್ಲ. ಇವೆರಡನ್ನೂ ಪರೀಕ್ಷಿಸುವ ಪುಟ್ಟ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಕೊಳ ಬಳಸುವ ದಿನ, ಯಾರೂ ಇಳಿಯುವ ಮೊದಲು ಪರೀಕ್ಷೆ ಮಾಡಿ.

8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳದಲ್ಲಿ 40,000 ಲೀಟರ್ ನೀರಿರುತ್ತದೆ. ಅದರ ಕ್ಲೋರಿನ್ ಪ್ರಮಾಣವನ್ನು ಲೀಟರಿಗೆ 1 ಮಿಲಿಗ್ರಾಂ ಏರಿಸಲು ಶೇಕಡ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸುಮಾರು 60 ಗ್ರಾಂ ಸಾಕು. ಬಿಸಿಲು ಕ್ಲೋರಿನ್ನನ್ನು ಕ್ಷೀಣಿಸುವುದರಿಂದ ಸಂಜೆ ಹಾಕುವುದು ಒಳ್ಳೆಯದು. ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಹೊರಡುತ್ತದೆ.

"ಕ್ಲೋರಿನ್ ವಾಸನೆ ಘಮ್ಮೆನ್ನುತ್ತಿದೆ, ನೀರು ಶುದ್ಧವಾಗಿದೆ" ಎನ್ನುವವರಿದ್ದಾರೆ. ಇದು ತಪ್ಪು. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಉಂಟಾಗುವ ಕ್ಲೋರಮಿನ್ನುಗಳೇ ಆ ಘಾಟಿಗೂ ಕಣ್ಣುರಿಗೂ ಕಾರಣ. ಆದ್ದರಿಂದ ಸ್ನಾನ ಮಾಡಿಯೇ ಕೊಳಕ್ಕಿಳಿಯಿರಿ. ಭೇದಿ ಇರುವ ಮಕ್ಕಳನ್ನು ಇಳಿಸಲೇಬೇಡಿ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಜೀವಿ ಕ್ಲೋರಿನ್ ಇರುವ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕಬಲ್ಲದು.

ಬೆಚ್ಚಗಿನ, ಕ್ಲೋರಿನ್ ಇಲ್ಲದ ಸಿಹಿನೀರಿನಲ್ಲಿ ನೇಗ್ಲೀರಿಯಾ ಎಂಬ ಅಮೀಬಾ ಬೆಳೆಯಬಹುದು. ಅದು ಮೂಗಿನ ಮೂಲಕ ಮಿದುಳಿಗೆ ಏರುತ್ತದೆ. ತೀರಾ ಅಪರೂಪವಾದರೂ ಬಹುಪಾಲು ಮಾರಣಾಂತಿಕ. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾದಿಂದ ಬರುವ ಮಿದುಳು ಸೋಂಕಿನ ಪ್ರಕರಣಗಳು ವರದಿಯಾದವು. ಕ್ಲೋರಿನ್ ಸರಿಯಾಗಿದ್ದರೆ ಈ ಭಯವಿಲ್ಲ.

ಬಳಸದ ಕೊಳ ಸೊಳ್ಳೆಗಳ ತೊಟ್ಟಿಲು

ರಜೆ ಮುಗಿದು ಮಕ್ಕಳು ಊರಿಗೆ ಹೋದ ಮೇಲೆ ಪಂಪು ನಿಲ್ಲಿಸಿ ಸುಮ್ಮನಾಗುವವರೇ ಹೆಚ್ಚು. ನಿಂತ ನೀರಿನಲ್ಲಿ ಡೆಂಗಿ, ಮಲೇರಿಯಾ ಹರಡುವ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ಆಗ ತೊಂದರೆ ನಿಮ್ಮೊಬ್ಬರದಲ್ಲ, ಇಡೀ ಬೀದಿಯದು. ಯಾರೂ ಈಜದಿದ್ದರೂ ಫಿಲ್ಟರ್ ಓಡುತ್ತಿರಲಿ, ಇಲ್ಲವೇ ಕೊಳವನ್ನು ಬರಿದು ಮಾಡಿ. ನೀರಿನ ಲೆಕ್ಕವನ್ನೂ ಹಾಕಿ. ಮೇಲೆ ಹೇಳಿದ ಕೊಳದಿಂದ ದಿನಕ್ಕೆ ಅರ್ಧ ಸೆಂಟಿಮೀಟರ್ ಆವಿಯಾದರೂ 160 ಲೀಟರ್ ಹೋಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು.

ಎಲ್ಲಕ್ಕಿಂತ ಮುಖ್ಯ ಬೇಲಿ

ಅಂದು ಕಿವಿಗೆ ಹನಿ ಬರೆದುಕೊಟ್ಟೆ. ಆದರೆ ನನ್ನನ್ನು ಕಾಡಿದ್ದು ಕಿವಿಯಲ್ಲ. ಕೊಳಕ್ಕೆ ಬೇಲಿ ಇಲ್ಲ ಎಂಬ ಮಾತು. ಮೂವರಲ್ಲಿ ಕಿರಿಯವಳಿಗೆ ಇನ್ನೂ ಮೂರು ವರ್ಷ.

ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಒಂದು ಫೋನ್ ಮುಗಿಸಿ ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ನಾಲ್ಕೂ ಕಡೆ ಕನಿಷ್ಠ ನಾಲ್ಕು ಅಡಿ ಎತ್ತರದ ಬೇಲಿ, ತಾನಾಗಿ ಮುಚ್ಚಿ ಚಿಲಕ ಬೀಳುವ ಗೇಟು ಇರಲೇಬೇಕು. ಮಕ್ಕಳು ನೀರಿನಲ್ಲಿರುವಾಗ ಹಿರಿಯರೊಬ್ಬರು ಕೈಚಾಚಿದರೆ ಸಿಗುವಷ್ಟು ಹತ್ತಿರವಿರಬೇಕು. ತಳದ ನೀರು ಹೋಗುವ ಜಾಲರಿ ಮುರಿದಿದ್ದರೆ ಯಾರೂ ಇಳಿಯಬಾರದು. ಅದರ ಸೆಳೆತಕ್ಕೆ ಕೂದಲು, ಕೈಕಾಲು ಸಿಕ್ಕಿಕೊಳ್ಳಬಹುದು.

ಅನಾಹುತವಾದರೆ, ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅಮೂಲ್ಯ ನಿಮಿಷಗಳು ವ್ಯರ್ಥವಾಗುತ್ತವೆ. ಅಂಗಾತ ಮಲಗಿಸಿ, ಗದ್ದ ಎತ್ತಿ, ಉಸಿರಾಟ ಇಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಊದಿ. ಚೇತರಿಕೆ ಕಾಣದಿದ್ದರೆ ಎದೆಯ ಮಧ್ಯಭಾಗವನ್ನು 30 ಬಾರಿ ಒತ್ತಿ, 2 ಬಾರಿ ಊದಿ, ಇದನ್ನೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮಗು ಎಚ್ಚೆತ್ತರೂ ಆಸ್ಪತ್ರೆಗೆ ಕರೆದೊಯ್ಯಬೇಕು.

"ಹಾಗಾದರೆ ಕೊಳ ಮುಚ್ಚಿಸಿಬಿಡಲೇ?" ಎಂದು ತಾತ ಕೇಳಿದರು. ಬೇಲಿ ಹಾಕಿಸಿ ದಿನಕ್ಕೆ ಹದಿನೈದು ನಿಮಿಷ ಅದಕ್ಕಾಗಿ ಎತ್ತಿಡುವಿರಾದರೆ ಬೇಡ. ಆಗದಿದ್ದರೆ ಮಣ್ಣು ತುಂಬಿಸಿ ಹೂಗಿಡ ಹಾಕಿ ಎಂದೆ. ಮುಂದಿನ ವಾರ ಕಿವಿ ತೋರಿಸಲು ಬಂದಾಗ ಅವರ ಜೇಬಿನಲ್ಲಿ ಗೇಟಿನ ಅಳತೆ ಬರೆದ ಚೀಟಿ ಇತ್ತು. ಗೇಟು ಕೂರಿಸುವವರೆಗೆ ಕೊಳದ ನೀರು ಖಾಲಿ ಮಾಡಿಸಿದ್ದೇನೆ ಎಂದರು.